ದೊಡ್ಡಪ್ಪ ಆರಿಸಿದ ವಿಲಾಯತಿ ಇಲಿ ಜೋಡಿ

ಭಾಲ್ಕಿಗೆ ಇನ್ನೂ ಬಸ್ಸು ಬಂದಿರಲಿಲ್ಲ. ಹೈದರಾಬಾದ್ ಸರ್ಕಾರದ ಕಚೇರಿಯ ತಿಂಗಳುಗಳಿಗೆ ಬಹಮನ್, ಇಸ್ಫಂದಾರ್ ಎಂದು ಹೆಸರಿತ್ತು. ಮನೆಯ ತಿಂಗಳುಗಳಿಗೆ ಕಾರ್ತೀಕ, ಮಾರ್ಗಶಿರ ಎಂದು. ಗಂಡುಮಕ್ಕಳು ಸಾಲಿಗೆ ಹೋಗಿ ಉರ್ದು ಕಲಿತು ಬರುತ್ತಿದ್ದರು. ನಮ್ಮಂಥ ಹೆಣ್ಣುಮಕ್ಕಳಿಗೆ ಮಠದ ಅಯ್ಯನವರು ಮರಳಿನ ಮೇಲೆ ಕನ್ನಡ ತಿದ್ದಿಸುತ್ತಿದ್ದರು. ಅಂಥ ಕಾಲದಲ್ಲಿ, ಒಂದು ಚಳಿಗಾಲವಿಡೀ, ನಮ್ಮ ಹಿತ್ತಲಲ್ಲಿ ಎರಡು ವಿಲಾಯತಿ ಇಲಿಗಳಿದ್ದವು. ಈಗ ಅವನ್ನು ಗಿನಿ ಪಿಗ್ ಎನ್ನುತ್ತಾರೆ. ಆ ಚಳಿಗಾಲದ ಬಗ್ಗೆ ನಮ್ಮ ಬಳಗದಲ್ಲಿ ಹಲವರು ಹಲವು ರೀತಿ ಹೇಳುತ್ತಾರೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ನಮ್ಮಪ್ಪ ತೊಗರಿ ವ್ಯಾಪಾರಿ. ಮುಂದೆ ಅಂಗಡಿ, ಪಕ್ಕದಲ್ಲಿ ಗೋದಾಮು, ಹಿಂದೆ ಮನೆ. ಸುತ್ತಲ ಹಳ್ಳಿಯವರು ತೊಗರಿ, ಕಡಲೆ, ಉದ್ದು ತಂದು ನಮ್ಮಲ್ಲಿ ಇಳಿಸಿ ಹೋಗುತ್ತಿದ್ದರು. ಗೋಣಿಚೀಲದ ವಾಸನೆ, ತೊಗರಿಯ ಧೂಳು ನಮ್ಮ ಹಾಸಿಗೆಯಲ್ಲೂ ಇರುತ್ತಿತ್ತು. ಅಪ್ಪ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಇಲಿಯ ಬೋನು. ನಮ್ಮ ಮನೆಯಲ್ಲಿ ಇಲಿ ಎಂಬುದನ್ನು ಬೈಗುಳಕ್ಕಷ್ಟೇ ಬಳಸುತ್ತಿದ್ದರು. ಅಂಥ ಮನೆಯ ಮಗಳಾದ ನಾನು, ಒಂಬತ್ತು ವರ್ಷದವಳು, ಇಲಿ ಸಾಕುತ್ತೇನೆಂದು ಹಟ ಹಿಡಿದೆ.

ತಪ್ಪು ನಮ್ಮ ಓಣಿಯ ಸಲೋತ್ರಿ ಸಾಹೇಬರದು. ಸಲೋತ್ರಿ ಎಂದರೆ ಸರ್ಕಾರದ ದನದ ಡಾಕ್ಟರು. ಅವರ ಬೀಬಿ ಹೈದರಾಬಾದಿನಿಂದ ಬರುವಾಗ ಒಂದು ಬುಟ್ಟಿಯಲ್ಲಿ ಈ ಪ್ರಾಣಿಗಳನ್ನು ತಂದಿದ್ದರು. ಬೀಬಿ ಪರದೆಯವರು, ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಅವರ ಒಳ ಅಂಗಳದಲ್ಲಿ ಆರು ವಿಲಾಯತಿ ಇಲಿಗಳು ಗುಂಡಗೆ, ಬಾಲವಿಲ್ಲದೆ, ಮೈತುಂಬ ಸುರುಳಿ ಸುರುಳಿ ಕೂದಲು ಹೊತ್ತು ಓಡಾಡುತ್ತಿದ್ದವು. ನಾನು ಕರಿಕೆ ಹುಲ್ಲು ಹಿಡಿದು ಹೋದರೆ ಸಪ್ಪಳಕ್ಕೇ ಕೂಯ್ ಕೂಯ್ ಎಂದು ಕೂಗುತ್ತಿದ್ದವು. ಎಲ್ಲಕ್ಕಿಂತ ಮೊದಲು ಕೂಗುತ್ತಿದ್ದದ್ದು ಹಣೆಯ ನಡುವೆ ಒಂದೇ ಒಂದು ಬಿಳಿ ಸುಳಿ ಇದ್ದ ಕಂದು ಬಣ್ಣದ್ದು. ಅದು ನನ್ನ ಸೆರಗಿನ ಗಂಟು ಕಚ್ಚಿ ಎಳೆಯುತ್ತಿತ್ತು. ಅದು ನನ್ನದು ಎಂದು ನಾನು ಯಾರನ್ನೂ ಕೇಳದೆ ತೀರ್ಮಾನಿಸಿದ್ದೆ.

ದಸರೆ ಮುಗಿದ ವಾರ ಸಾಹೇಬರಿಗೆ ಬೀದರಿಗೆ ವರ್ಗವಾಯಿತು. ಹೋಗುವ ಮುಂಚೆ ಎರಡನ್ನು ನಿನಗೆ ಕೊಡುತ್ತೇನೆ ಎಂದರು ಬೀಬಿ. ಮನೆಗೆ ಬಂದು ಹೇಳಿದೆ. ಅಪ್ಪ ತಕ್ಕಡಿ ಕೆಳಗಿಟ್ಟು ಆಯಿಯ ಮುಖ ನೋಡಿದರು. ಆಯಿ ಎಂದರೆ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿತ್ತು, ಮನೆ ಮಾತ್ರ ಅವಳ ಮಾತಿನ ಮೇಲೆ ನಡೆಯುತ್ತಿತ್ತು.

ನಾನು ಎರಡು ದಿನ ಉಣ್ಣಲಿಲ್ಲ. ಖರೆ ಹೇಳಬೇಕೆಂದರೆ, ಅಡುಗೆಮನೆಯಲ್ಲಿ ಉಣ್ಣಲಿಲ್ಲ. ಗೋದಾಮಿನಲ್ಲಿ ಕಡಲೆ ತಿಂದೆ. ಮೂರನೆಯ ದಿನ ಆಯಿ ಕರೆದಳು.

"ಎರಡಂದ್ರ ಎರಡೇ. ಎರಡೂ ಗಂಡೇ ಇರಬೇಕು. ಒಂದು ಮರಿ ಬಿತ್ತಂದ್ರ ಎಲ್ಲಾ ಮನಿ ಬಿಡಬೇಕು. ಒಪ್ಗಿ ಅದನ?"

ಅವ್ವ ನಡುವೆ ಬಾಯಿ ಹಾಕಿದಳು. "ಎರಡೂ ಹೆಣ್ಣಿದ್ರ ಏನಾಗ್ತದರಿ ಅತ್ತಿ? ಅವೂ ಈಯಂಗಿಲ್ಲಲ್ಲ."

"ಗೋದಾಮ್ನ್ಯಾಗ ಗಂಡಿಲಿ ಕಡಿಮಿ ಅವೇನು? ಒಂದು ಸಲ ಬಂದು ಹೋದ್ರ ಸಾಕು. ಅರ್ಧಾ ವಿಲಾಯತಿ, ಅರ್ಧಾ ಭಾಲ್ಕಿ. ಆಮ್ಯಾಲ ಅವು ಯಾವ ಬೋನಿಗಿ ಬೀಳ್ತಾವ?"

ಅವ್ವ ರೊಟ್ಟಿ ತಟ್ಟಲು ಹೋದಳು. ರೈತರು ನಂಬಿ ಕಾಳು ಇಡುವ ಮನೆ. ಎದುರಿನ ಅಂಗಡಿಯವನು ಆಗಲೇ, "ಶೇಟ್ರು ಇನ್ನು ಇಲಿಗಿ ಹಿತ್ತಾಳಿ ತಾಟು ಮಾಡಿಸ್ತಾರಂತ" ಎಂದು ಹಬ್ಬಿಸಿದ್ದ. ಎರಡೂ ಗಂಡಾಗಿರಬೇಕು, ಅದು ಖಾತ್ರಿಯಾಗಬೇಕು. ಖಾತ್ರಿ ಮಾಡಲು ಅಪ್ಪ ನಮ್ಮ ಹಳ್ಳಿ ಡಾಬಕಾದಿಂದ ದೊಡ್ಡಪ್ಪನನ್ನು ಕರೆಸಿದರು.

ದೊಡ್ಡಪ್ಪ ಅಪ್ಪನ ಅಣ್ಣ. ಒಕ್ಕಲುತನ ಮಾಡಿಕೊಂಡು ಡಾಬಕಾದಲ್ಲೇ ಉಳಿದವನು. ಔರಾದದ ದನದ ಸಂತೆಯಲ್ಲಿ ಅವನು ನೋಡದೆ ದೇವಣಿ ತಳಿಯ ಎತ್ತು ಕೈ ಬದಲಾಯಿಸುತ್ತಿರಲಿಲ್ಲ ಎಂದು ಹೇಳುತ್ತಿದ್ದರು. ಅವನು ನೋಡುತ್ತಿದ್ದದ್ದು ಸುಳಿ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡ ಜಾಗವನ್ನು ನೋಡಿ, ಈ ಸುಳಿ ಒಡೆಯನನ್ನು ಬೆಳೆಸುತ್ತದೆ, ಆ ಸುಳಿ ಒಡೆಯನನ್ನು ಅಳಿಸುತ್ತದೆ ಎಂದು ಹೇಳುವ ವಿದ್ಯೆ. ಸಲೋತ್ರಿ ಸಾಹೇಬರು ಒಮ್ಮೆ ಸಂತೆಯಲ್ಲಿ ಹತ್ತು ಜನರ ಮುಂದೆ, "ಕೂದಲಾಗ ಏನದ ಪಟೇಲರೆ, ಹಲ್ಲು ನೋಡ್ರಿ, ಗೊರಸು ನೋಡ್ರಿ" ಎಂದು ನಕ್ಕಿದ್ದರಂತೆ. ಅಂದಿನಿಂದ ಸಾಹೇಬರ ಹೆಸರು ಬಂದರೆ ದೊಡ್ಡಪ್ಪ ಎಲೆ ಅಡಿಕೆ ಉಗುಳುತ್ತಿದ್ದ.

ಅವನು ಬರುವ ಹಿಂದಿನ ದಿನ ಬೀಬಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟರು. "ನರ್ ಇದ್ರ ಧೈರ್ಯ ಇರ್ತದ ಬೇಟಿ, ಕೈಯಾಗ ಬರ್ತದ. ಮಾದಾ ಗರೀಬ, ಅಂಜ್ತದ. ಆದ್ರ ಗುರ್ತಿಲ್ಲದ ಎರಡು ನರ್ ಕೂಡಿಸಿದ್ರ ಲಡಾಯಿ. ಇವೆರಡು ಅಣ್ಣತಮ್ಮ, ಇವನ್ನ ಒಯ್ಯಿ. ಒಂದು ನರ್ ಒಂದು ಮಾದಾ ಮಾತ್ರ ಬ್ಯಾಡ. ಎರಡು ತಿಂಗಳದಾಗ ನಿಮ್ಮಪ್ಪನ ಗೋದಾಮು ಸಾಲಂಗಿಲ್ಲ."

ಯಾವುದು ನರ್ ಅಂದರೆ ಗಂಡು, ಯಾವುದು ಮಾದಾ ಅಂದರೆ ಹೆಣ್ಣು ಎಂದು ಗುರುತು ಹಿಡಿಯುವುದನ್ನೂ ತೋರಿಸಿದರು. ಅಂಗೈ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಗಂಡಿನ ಗುರುತು ಚುಕ್ಕೆಯ ಹಾಗೆ, ಹೆಣ್ಣಿನದು ಕವಲೊಡೆದ ಗೆರೆಯ ಹಾಗೆ. ಎತ್ತನ್ನು ನೋಡುವಂತೆ ಹಿಂದೆ ನಿಂತು ನೋಡಿದರೆ, ಅದೂ ಎಳೆಯ ಪ್ರಾಣಿಯಾದರೆ, ಏನೂ ಕಾಣುವುದಿಲ್ಲ. ಆರನ್ನೂ ನಾನೇ ನೋಡಿದೆ. ಎರಡು ಗಂಡು, ನಾಲ್ಕು ಹೆಣ್ಣು. ಹಣೆಯ ಸುಳಿಯ ನನ್ನದು ಹೆಣ್ಣು. ಎರಡು ಸಲ ನೋಡಿದೆ. ಹೆಣ್ಣೇ.

ಮರುದಿನದ ಹೊತ್ತಿಗೆ ಸಾಹೇಬರು ಬೀದರಿಗೆ ಹೋಗಿಯಾಗಿತ್ತು. ಬೀಬಿಯ ಸಾಮಾನು ಗಾಡಿಗೆ ಏರುತ್ತಿತ್ತು. ದೊಡ್ಡಪ್ಪ ಬೀಬಿಯ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತ. ಅವನು ಒಳಗೆ ಹೋಗುವಂತಿಲ್ಲ, ಬೀಬಿ ಹೊರಗೆ ಬರುವಂತಿಲ್ಲ, ಪರಗಂಡಸಿಗೆ ಕೇಳುವಂತೆ ದನಿ ಎತ್ತುವಂತೆಯೂ ಇಲ್ಲ. ಇಬ್ಬರ ನಡುವೆ ಬಿದಿರುಕಡ್ಡಿಯ ಒಂದು ಚಿಕ್ಕಿನ ಪರದೆ, ಪರದೆಯ ಒಳಗೂ ಹೊರಗೂ ಓಡಾಡಲು ನಾನೊಬ್ಬಳು.

ಮೊದಲನೆಯ ಗಂಡನ್ನು ತಂದೆ. ದೊಡ್ಡಪ್ಪ ಧೋತರದ ಮೇಲೆ ಇಟ್ಟುಕೊಂಡು ತುಟಿ ಬಿಡಿಸಿದ.

"ಎರಡ ಹಲ್ಲು. ಎಳೇದು." ತಿರುಗಿಸಿದ. "ಬಾಲ ಎಲ್ಲದ?"

"ಇಲ್ಲ ದೊಡ್ಡಪ್ಪ."

"ಕೊಯ್ದಾರ?"

"ಹುಟ್ಟಿದ್ದೇ ಹಂಗಂತ."

"ಹಂಗಂತ ಹೇಳ್ತಾನ ಅವ." ಹಿಂದಿನಿಂದ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟ. "ಬೀಜ ಒಡದಾನ. ಸಲೋತ್ರಿ ಕೈಗಿ ಸಿಕ್ಕದ್ದು ಯಾವದು ಉಳಿದದ? ಬಾಲ ಬಿಟ್ಟಿಲ್ಲ, ಬೀಜ ಬಿಡ್ತಾನ?"

ಅದನ್ನು ಕಣ್ಣ ಕೆಳಗಿನ ಸುಳಿಗಾಗಿ ವಾಪಸು ಕಳಿಸಿದ. ಕಣ್ಣೀರ ಸುಳಿ, ಮನೆಯವರನ್ನು ಅಳಿಸುತ್ತದೆ. ಎರಡನೆಯ ಗಂಡಿನ ಮೈಮೇಲೆ ಸುಳಿ ಎಣಿಸಲು ಹೋಗಿ ಎಂಟಕ್ಕೆ ಎಣಿಕೆ ತಪ್ಪಿತು. ಬೆನ್ನ ಮೇಲಿನ ಒಂದು ಒಡೆಯನಿಗೆ ಹೊಲ ಕೊಡಿಸುತ್ತಿತ್ತು, ಅದರ ಮಗ್ಗುಲದ್ದು ಹೊಲ ಮಾರಿಸುತ್ತಿತ್ತು. ಕೊಡಿಸುವುದು ದೊಡ್ಡದಾಗಿದ್ದುದರಿಂದ ಪಾಸಾಯಿತು. ಅದನ್ನೂ ಹಿಂದಿನಿಂದ ನೋಡಿ, "ಇದೂ ಎತ್ತೇ" ಎಂದ. "ಎಲ್ಲಾ ಎತ್ತೇ ಮಾಡ್ಯಾನ. ನಿಮ್ಮ ಆಯಿಗಿ ಹೇಳು, ಹೆಣ್ಣು ಗಂಡು ಚಿಂತಿ ಇಲ್ಲ. ಇದರ ಜೋಡಿಗಿ ಇನ್ನೊಂದು ತಾ."

ಇಲ್ಲಿ ನಾನು ಮಾಡಿದ್ದನ್ನು ಸರಿಯಾಗಿ ಬರೆಯಬೇಕು. ಒಳಗೆ ಹೋದೆ. ದೊಡ್ಡಪ್ಪ ಬೇಡವೆಂದದ್ದನ್ನು ಬಿಟ್ಟರೆ ಇನ್ನೊಂದು ಗಂಡು ಇರಲಿಲ್ಲ. ಬೀಬಿ ಪೆಟ್ಟಿಗೆಗೆ ಹಗ್ಗ ಬಿಗಿಸುತ್ತಿದ್ದರು. ಅವರು ಯಾವುದನ್ನೂ ಕೊಡಲಿಲ್ಲ. ನಾನೇ ಹಣೆಯ ಸುಳಿಯದನ್ನು ಎತ್ತಿಕೊಂಡು ಹೊರಗೆ ಬಂದೆ.

ದೊಡ್ಡಪ್ಪ ಅದರ ಹಣೆ ನೋಡಿದವನು ಹಿಂದೆ ನೋಡಲೇ ಇಲ್ಲ. "ಹಣಿ ಸುಳಿ. ಇಂಥಾದು ನೂರು ಎತ್ತಿನಾಗ ಒಂದಕ್ಕ ಇರ್ತದ. ಇದು ನೊಗದ ಬಲಕ್ಕ, ಅದು ಎಡಕ್ಕ. ಜೋಡಿ ಆಯ್ತು. ಬೀಬಿ ಏನಂತಾರ ಕೇಳು."

ಒಳಗೆ ಹೋದೆ. "ಏನಂದ್ರು ನಿಮ್ಮ ದೊಡ್ಡಪ್ಪ?" ಎಂದರು ಬೀಬಿ.

"ಇವೆರಡೇ ಬೇಕಂತರಿ."

"ಒಂದು ನರ್, ಒಂದು ಮಾದಾ. ಅವರಿಗಿ ಹೇಳಿದಿ?"

"ಅವರಿಗಿ ಎಲ್ಲಾ ಗೊತ್ತದರಿ" ಎಂದೆ.

ಅದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ದಿನಾ ಹೇಳುತ್ತಿದ್ದ ಮಾತೇ. ಬೀಬಿ ನಕ್ಕು, ಬುಟ್ಟಿಗೆ ತಮ್ಮ ಹಳೆಯ ದುಪಟ್ಟಾ ಕಟ್ಟಿ ಕೊಟ್ಟರು. ಹೊರಗೆ ಬಂದು, "ಒಯ್ಯಿರಿ ಅಂದ್ರು" ಎಂದೆ. ಅದೂ ಸುಳ್ಳಲ್ಲ.

ಹೀಗೆ ಎಡದವ, ಬಲದವ ಎಂಬ ಹೆಸರಿನಲ್ಲಿ ಅವು ನಮ್ಮ ಮನೆ ಸೇರಿದವು. ಹಿತ್ತಲಲ್ಲಿ ಅಪ್ಪ ಹಳೆಯ ಖೋಕಾಗೆ, ಅಂದರೆ ಹಲಗೆಯ ಪೆಟ್ಟಿಗೆಗೆ, ತಂತಿಯ ಜಾಳಿಗೆ ಹೊಡೆದುಕೊಟ್ಟರು. ಆ ಚಳಿಗಾಲ ನನಗೆ ಬೇರೆ ಆಟ ನೆನಪಿಲ್ಲ. ಬೆಳಿಗ್ಗೆ ಮಂಜು ಹತ್ತಿದ ಕರಿಕೆ ಕೀಳುವುದು, ಕೈ ಚಳಿಗೆ ಸೆಟೆದು ಹುಲ್ಲಿನ ವಾಸನೆ ಉಗುರಿನಲ್ಲಿ ಉಳಿಯುವುದು, ಅವುಗಳ ಹೊಟ್ಟೆಯ ಕೆಳಗೆ ಬೆರಳಿಟ್ಟು ಬೆಚ್ಚಗೆ ಮಾಡಿಕೊಳ್ಳುವುದು. ನಾನು ಸುಟ್ಟ ಎಳೆ ಜೋಳದ ಸೀತನಿ ತಿನ್ನುತ್ತಾ ಕೂತರೆ ಅವು ಜೋಳದ ದಂಟಿನ ಸಿಪ್ಪೆ ತಿನ್ನುತ್ತಿದ್ದವು. ಆಯಿ ಪ್ರತಿದಿನ ಲಿಂಗಪೂಜೆ ಮುಗಿಸಿ ನೇರ ಹಿತ್ತಲಿಗೆ ಬಂದು ಖೋಕಾದೊಳಗೆ ಕೈ ಇಳಿಸುತ್ತಿದ್ದಳು. ಕಣ್ಣು ಕಾಣದ್ದರಿಂದ ಬೆನ್ನು ಮುಟ್ಟಿಯೇ ಎಣಿಕೆ. "ಒಂದು. ಎರಡು." ಅಷ್ಟಾದ ಮೇಲೆ ಚಹಾ.

ಅಪ್ಪ ಮೊದಲು ಆ ಕಡೆ ನೋಡುತ್ತಿರಲಿಲ್ಲ. ಕಾರ್ತೀಕ ಕಳೆಯುವಷ್ಟರಲ್ಲಿ ಅಂಗಡಿಗೆ ಬಂದ ರೈತರಿಗೆ, "ಹಸಿ ಕಡ್ಲಿ ಗಿಡ ಒಂದೆರಡು ತರ್ರಿ, ಹುಡುಗಿಗಿ ಬೇಕಂತ" ಎನ್ನತೊಡಗಿದ್ದರು. ಹುಡುಗಿಗೆ ಅದರಲ್ಲಿ ನಾಲ್ಕು ಕಾಳು ಸಿಗುತ್ತಿತ್ತು.

ಬಲದವ ದಿನೇ ದಿನೇ ದಪ್ಪಗಾದ. ಆಯಿ ಬೆನ್ನು ಮುಟ್ಟಿ, "ಎತ್ತು ಮೈ ಹಿಡದದ" ಎಂದಳು. ಒಮ್ಮೆ ಬಂದ ದೊಡ್ಡಪ್ಪನೂ ನೋಡಿ, "ಬೀಜ ಒಡದದ್ದು ಹಂಗೇ. ಚಿಂತಿ ಇಲ್ಲ, ಮೈಗಿ ಹತ್ತತದ" ಎಂದು ಹೇಳಿ ಹೋದ. ನನಗೆ ಗೊತ್ತಿತ್ತೇ ಎಂದು ಕೇಳಿದರೆ, ಒಂಬತ್ತು ವರ್ಷದವಳಿಗೆ ಗೊತ್ತಿರಬಹುದಾದಷ್ಟು ಗೊತ್ತಿತ್ತು. ನಾನು ಹೆಬ್ಬೆರಳು ಒತ್ತಿ ನೋಡುವುದನ್ನು ಬಿಟ್ಟಿದ್ದೆ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮರುದಿನ ಮಧ್ಯಾಹ್ನ. ಹೊಲದಲ್ಲಿ ಉಂಡು ಉಳಿದ ಭಜ್ಜಿ, ಸಜ್ಜಿ ರೊಟ್ಟಿ ತಿಂದು ಎಲ್ಲರೂ ಮಲಗಿದ್ದರು. ನಾನೊಬ್ಬಳೇ ಖೋಕಾದ ಮುಂದೆ ಇದ್ದೆ. ಬಲದವ ಮೂಲೆಯಲ್ಲಿ ಬೆನ್ನು ಬಗ್ಗಿಸಿ ಕೂತು, ತಲೆ ಕೆಳಗೆ ಹಾಕಿ ಏನನ್ನೋ ಹಲ್ಲಿನಲ್ಲಿ ಎಳೆಯಿತು. ಒಂದು ಮರಿ ಬಂತು. ಒದ್ದೆ ಕೂದಲು, ತೆರೆದ ಕಣ್ಣು. ತಾಯಿ ನೆಕ್ಕಿ ಮುಗಿಸುವ ಮುಂಚೆ ಎರಡನೆಯದು. ಮೂರನೆಯದು ಬರಲು ಹೊತ್ತು ಹಿಡಿಯಿತು. ಅದಕ್ಕೂ ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡಿತು. ಎಡದವ ಇದೆಲ್ಲಕ್ಕೂ ತನಗೂ ಸಂಬಂಧವಿಲ್ಲದಂತೆ ಕಡಲೆ ಸೊಪ್ಪು ತಿನ್ನುತ್ತಿದ್ದ. ಸಂಜೆಯೊಳಗೆ ಮರಿಗಳು ಅವನ ಬಾಯಿಂದಲೇ ಎಲೆ ಕಿತ್ತು ತಿನ್ನತೊಡಗಿದವು. ಖೋಕಾದ ಮೇಲೆ ಗೋಣಿಚೀಲ ಹೊದಿಸಿದೆ. ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಆಯಿ ಬಂದಳು. ಕೈ ಇಳಿಸಿದಳು.

"ಒಂದು. ಎರಡು." ಕೈ ಅಲ್ಲೇ ನಿಂತಿತು. "ಮೂರು." ಸ್ವಲ್ಪ ಸರಿಯಿತು. "ನಾಕು." ಆಯಿ ನೆಲದ ಮೇಲೆ ಕೂತಳು. ಕೂತ ಮೇಲೆ ಕೊನೆಯದನ್ನು ಹುಡುಕಿದಳು. "ಐದು. ದೊಡ್ಡ ಮಗನ್ನ ಕರಿ."

ದೊಡ್ಡಪ್ಪ ಹೊಸ ತೊಗರಿಯ ಗಾಡಿ ಹೊಡೆದುಕೊಂಡು ಅದೇ ಬೆಳಿಗ್ಗೆ ಬಂದಿದ್ದ. ಕೈಕಾಲು ತೊಳೆಯುವ ಮುಂಚೆಯೇ ಅವನನ್ನು ಹಿತ್ತಲಿಗೆ ಕರೆತಂದರು. ಎಲ್ಲರೂ ಖೋಕಾದ ಸುತ್ತ ನಿಂತೆವು.

"ಬೀಜ ಒಡದ ಎತ್ತು ಈದದ್ದು ನಾ ಕೇಳಿಲ್ಲ ಅಣ್ಣಾ" ಎಂದರು ಅಪ್ಪ.

"ನಾನೂ ಕೇಳಿಲ್ಲ. ಅದಕ್ಕೇ ಹೇಳ್ತೇನಿ, ಇವು ಇಲ್ಲಿ ಹುಟ್ಟಿದ್ದಲ್ಲ." ದೊಡ್ಡಪ್ಪ ಒಂದು ಮರಿಯನ್ನು ಎತ್ತಿ ಬೆಳಕಿಗೆ ಹಿಡಿದ. "ನಿನ್ನಿ ಹುಟ್ಟಿದ ಇಲಿಗಿ ಕಣ್ಣು ತೆರದಿರತಾವೇನು? ಮೈಮ್ಯಾಲ ಕೂದಲಿರತದೇನು?"

"ಕರಕ್ಕ ಇರ್ತಾವಲ್ಲ."

"ಕರ ನಿನ್ನಿ ಹುಟ್ಟಿ ಇವತ್ತು ಕಡ್ಲಿ ಸೊಪ್ಪು ತಿಂತದೇನು? ನೋಡು, ಬಾಯಾಗದ. ಇದಕ್ಕ ತಿಂಗಳು ಆಗ್ಯಾದ. ಯಾರೋ ತಂದು ಒಗದಾರ. ನಿನ್ನ ಎದುರಿನ ಅಂಗಡ್ಯಾವ ಸುಮ್ನ ಇರ್ತಾನ?"

ಅಪ್ಪ ಯೋಚಿಸಿದರು. ಎದುರಿನವನ ಮೇಲೆ ಏನು ಹೇಳಿದರೂ ಅವರು ಯೋಚಿಸುತ್ತಿದ್ದರು. ಆಯಿ, "ಒಗದಿದ್ರ ಈ ಮೂರನ್ನ ಕಳಸ್ರಿ. ಎರಡು ಇರಲಿ. ಅವೇನು ಮಾಡ್ಯಾವ" ಎಂದಳು. ಒಂದು ಕ್ಷಣ ಎಲ್ಲವೂ ಮುಗಿದಂತೆಯೇ ಇತ್ತು. ಆಗ ಆಯಿ ನನ್ನ ಕಡೆ ಮುಖ ಮಾಡಿದಳು. "ನೀ ದಿನಾ ಇಲ್ಲೇ ಇರ್ತಿ. ಯಾರರ ಒಗದದ್ದು ನೋಡಿದಿ?"

ನೋಡಿದೆ ಎಂದರೆ ನನ್ನವು ಎರಡೂ ಉಳಿಯುತ್ತವೆ. ನೋಡಿಲ್ಲ ಎಂದರೂ ಉಳಿಯಬಹುದು. ನಾನು ಖೋಕಾದ ಕಡೆ ನೋಡಿದೆ. ಮೂರನೆಯ ಮರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತುರುಕಿ ಮೊಲೆ ಹುಡುಕುತ್ತಿತ್ತು. ಆ ಮೂರನ್ನು ಕಳಿಸಿದರೆ ಅವು ಹಾಲಿಗೆ ಎಲ್ಲಿಗೆ ಹೋಗಬೇಕು ಎಂಬುದು ಆಗ ಹೊಳೆಯಿತು.

"ಯಾರೂ ಒಗದಿಲ್ಲ. ನಿನ್ನಿ ಮಧ್ಯಾಹ್ನ ಬಲದವ ಈದದ" ಎಂದೆ. "ಒಂದಾದ ಮ್ಯಾಲ ಒಂದು. ನಾ ನೋಡೀನಿ. ಬೀಬಿ ಮೊದಲೇ ಹೇಳಿದ್ರು ಅದು ಹೆಣ್ಣಂತ. ನಾನೇ ದೊಡ್ಡಪ್ಪಗ ಹೇಳಲಿಲ್ಲ."

ದೊಡ್ಡಪ್ಪ ಕೈಯಲ್ಲಿದ್ದ ಮರಿಯನ್ನು ಕೆಳಗಿಟ್ಟ. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಅಪ್ಪ ಗೋಡೆಯ ಕಡೆ ತಿರುಗಿದರು; ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ನಾನು ಮುಖ ಕಾಣಲಿಲ್ಲ.

ಆಯಿಯ ತೀರ್ಪು ಮೊದಲೇ ಹೇಳಿಯಾಗಿತ್ತು. ಆದರೆ ಬಾಣಂತಿಯನ್ನು 'ಮನಿ ಬಿಡಿಸುವುದು' ಅವಳಿಂದ ಆಗಲಿಲ್ಲ. "ಒಂದು ತಿಂಗಳು ಇರಲಿ. ಗಂಡು ಇವತ್ತೇ ಹೋಗಲಿ, ಬಾಣಂತಿ ಬಾಜೂಕ ಅವಂದೇನು ಕೆಲಸ" ಎಂದಳು. ಎಡದವನನ್ನು ದೊಡ್ಡಪ್ಪ ತನ್ನ ಕಂಬಳಿಯಲ್ಲಿ ಸುತ್ತಿಕೊಂಡು ಖಾಲಿ ಗಾಡಿಯಲ್ಲಿ ಹೊರಟ. ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ. ಆ ತಿಂಗಳು ಆಯಿ ಬಾಣಂತಿಗೆ ಬೆಲ್ಲ, ಕೊಬ್ಬರಿ ಇಟ್ಟಳು. ಅದು ತಿನ್ನಲಿಲ್ಲ, ನಾನು ತಿಂದೆ. ಎಣಿಕೆ ದಿನಾ ಐದರ ಬದಲು ನಾಲ್ಕಕ್ಕೆ ನಿಲ್ಲುತ್ತಿತ್ತು.

ಮಾಘದಲ್ಲಿ ಎಲ್ಲವನ್ನೂ ಡಾಬಕಾಗೆ ಮುಟ್ಟಿಸಲು ಅಪ್ಪನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಬುಟ್ಟಿ ನನ್ನ ತೊಡೆಯ ಮೇಲಿತ್ತು. ನಾನು ಅತ್ತೆ, ಅಳಲಿಲ್ಲ ಎಂದು ಬರೆಯಲಾರೆ. ದೊಡ್ಡಪ್ಪ ದನದ ಕೊಟ್ಟಿಗೆಯಲ್ಲಿ, ಎತ್ತುಗಳ ಮೇವಿನ ಗೋದಲಿಯ ಪಕ್ಕ, ಮಣ್ಣಿನ ಗೋಡೆ ಹಾಕಿ ನಡುವೆ ಹಲಗೆ ನಿಲ್ಲಿಸಿ ಎರಡು ಪಾಲು ಮಾಡಿದ್ದ. ಒಂದು ಪಾಲಿನಲ್ಲಿ ಎಡದವ ಕೂಗುತ್ತಿದ್ದ.

ಊಟವಾದ ಮೇಲೆ ಅಪ್ಪ ಮಲಗಿದರು. ದೊಡ್ಡಪ್ಪ ನನ್ನನ್ನು ಕೊಟ್ಟಿಗೆಗೆ ಕರೆದ. ಬೈಯುತ್ತಾನೆ ಎಂದುಕೊಂಡೆ. ಅವನು ಸಗಣಿ ಸಾರಿಸಿದ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬುಟ್ಟಿ ಎಳೆದುಕೊಂಡ.

"ಬೀಬಿ ಹ್ಯಾಂಗ ತೋರಿಸಿದ್ರು, ನನಗ ತೋರಸು. ಯಾವದು ಯಾವ ಕಡಿ ಬಿಡಬೇಕು ನನಗ ತಿಳೀಲಿ."

ತೋರಿಸಿದೆ. ಅವನ ಹೆಬ್ಬೆರಳು ಮರಿಯ ತಲೆಯಷ್ಟು ದೊಡ್ಡದು, ಬಿರುಕು ಬಿಟ್ಟದ್ದು. ತಾಯಿಯನ್ನು ನೋಡಿ, "ಹೆಣ್ಣು" ಎಂದ.

"ಹೌದರಿ."

ಒಂದು ಮರಿ ಎತ್ತಿದ. ಬಹಳ ಹೊತ್ತು ನೋಡಿದ. "ಗಂಡು."

"ಅಲ್ಲ ದೊಡ್ಡಪ್ಪ."

ಅವನು ಮತ್ತೆ ಒತ್ತಿ, ಬಾಗಿಲ ಬೆಳಕಿಗೆ ಹಿಡಿದು, ಮತ್ತೆ ನೋಡಿದ. ಅದನ್ನು ಹೆಣ್ಣಿನ ಪಾಲಿಗೆ ಬಿಟ್ಟ. ಉಳಿದೆರಡನ್ನು ಸರಿಯಾಗಿ ಹೇಳಿದ. ಕೈ ಒರೆಸಿಕೊಂಡ.

"ಸಂತ್ಯಾಗ ಕೂಡಲಿಕ್ಕ ಹತ್ತಿ ಮೂವತ್ತು ವರ್ಷ ಆಯ್ತು. ಆ ಸಲೋತ್ರಿ ಒಬ್ಬನ ಬಿಟ್ರ ನನ್ನ ಎದುರು ಹಿಂಗ ಯಾರೂ ಅಂದಿಲ್ಲ" ಎಂದ. "ಇನ್ನೊಂದು ಸಲ ಅನ್ನು."

"ಏನ್ರಿ?"

"ಈಗ ಅಂದೆಲ್ಲ, ಅದು."

"ಅಲ್ಲ ದೊಡ್ಡಪ್ಪ" ಎಂದೆ.

ಅವನು ನಗತೊಡಗಿದ. ಎತ್ತುಗಳು ಮೇಯುವುದನ್ನು ನಿಲ್ಲಿಸಿ ತಿರುಗಿ ನೋಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಕ್ಕೆ.

ಆ ಪ್ರಾಣಿಗಳು ಡಾಬಕಾದಲ್ಲಿ ಎರಡು ಮಳೆಗಾಲ ಬದುಕಿದವು. ಕೊನೆಯದನ್ನು ಮುಂಗುಸಿ ಒಯ್ದಿತು ಎಂದು ಹೇಳಿದರು, ನಾನು ಕಾಣಲಿಲ್ಲ. ಈಗ ಆ ಕೊಟ್ಟಿಗೆಯ ಜಾಗದಲ್ಲಿ ಟ್ರ್ಯಾಕ್ಟರು ನಿಲ್ಲುತ್ತದೆ. ಸುಳಿ ಓದುವವರಿಲ್ಲ, ಓದಲು ಅಷ್ಟು ಎತ್ತುಗಳೂ ಇಲ್ಲ. ಸಲೋತ್ರಿ ಎಂದರೆ ಯಾರು ಎಂದು ಕೇಳುತ್ತಾರೆ. ಇವೆಲ್ಲ ಹೋಗುವಂಥವೇ, ಹೋದವು.

ಆ ಮಧ್ಯಾಹ್ನ ದೊಡ್ಡಪ್ಪನಿಗಿದ್ದ ವಯಸ್ಸನ್ನು ನಾನು ದಾಟಿ ಬಹಳ ವರ್ಷವಾಯಿತು. ಮನೆಯಲ್ಲಿ ನಾನು ಏನು ಹೇಳಿದರೂ ಮಕ್ಕಳು, ಮೊಮ್ಮಕ್ಕಳು "ಹೌದಮ್ಮ" ಎನ್ನುತ್ತಾರೆ. ಹಾಗೆ ಅಂದು ಒಳಗೆ ಹೋಗಿ ತಮಗೆ ಸರಿ ಕಂಡದ್ದನ್ನು ಮಾಡುತ್ತಾರೆ. ನನ್ನ ಮಾತು ತಪ್ಪಿದ್ದಾಗ ಅವರ ಕಣ್ಣುಗಳನ್ನು ನೋಡಿಯೇ ನನಗೆ ತಿಳಿಯುತ್ತದೆ. ಬಾಯಿಂದ ಯಾರೂ ಹೇಳುವುದಿಲ್ಲ. ದೊಡ್ಡಪ್ಪನಂತೆ ನೆಲದ ಮೇಲೆ ಕೂತು, ತಪ್ಪಿದ್ದರೆ ಹೇಳು ಎಂದು ನಾನೂ ಈವರೆಗೆ ಯಾರನ್ನೂ ಕೇಳಿಲ್ಲ.